ಮಾರಾಟವಾಗದ ಮೀನಿನ ಲೆಕ್ಕ

ನವಿ ಮುಂಬಯಿಯ ಐರೋಲಿಯ ಮೀನು ಮಾರುಕಟ್ಟೆಯಲ್ಲಿ ಗಿರಾಕಿಗಳು ಬುಟ್ಟಿಯ ಮುಂದೆ ನಿಂತು ಕೇಳುವ ಮೊದಲ ಪ್ರಶ್ನೆ ದರದ್ದಲ್ಲ. ‘ಖಾಡಿಯದೋ, ಸಮುದ್ರದ್ದೋ?’ ಎಂಬುದು. ಖಾಡಿ ಎಂದರೆ ಥಾಣೆ ಖಾಡಿ, ಸಮುದ್ರ ನೆಲದೊಳಕ್ಕೆ ಚಾಚಿದ ಹಿನ್ನೀರು: ಕಪ್ಪು ಕೆಸರು, ಕಾಂಡ್ಲಾ ಗಿಡಗಳ ನಡುವೆ ಏರಿಳಿಯುವ ಉಪ್ಪುನೀರು. ಸಮುದ್ರದ್ದು ಎಂದರೆ ಮುಂಬಯಿಯ ಮೀನು ಬಂದರು ಭಾವೂಚಾ ಧಕ್ಕೆಯಿಂದ ನಸುಕಿನಲ್ಲಿ ಟೆಂಪೋ ಏರಿ ಬಂದದ್ದು. ಉತ್ತರ ಯಾವಾಗಲೂ ಒಂದೇ. ‘ಸಮುದ್ರದ್ದೇ ಅಣ್ಣಾ, ಖಾಡಿಯದನ್ನು ಯಾರು ಕೊಳ್ಳುತ್ತಾರೆ?’ ಅದು ಸುಳ್ಳೂ ಅಲ್ಲ. ಖಾಡಿಯ ಮೀನಿಗೆ ಸೀಮೆಎಣ್ಣೆಯ ವಾಸನೆ ಎಂಬ ದೂರನ್ನು ಇಲ್ಲಿಗೆ ಬಂದು ನೆಲೆಸಿದ ದಿನದಿಂದಲೂ ಕೇಳುತ್ತಿದ್ದೇನೆ.

ನಾವು ಮೀನು ಕೊಳ್ಳುವುದು ಕೋಳಿ ಎಂಬ ಇಲ್ಲಿನ ಮೀನುಗಾರ ಸಮುದಾಯದ ಹೆಂಗಸೊಬ್ಬರಿಂದ. ಅವರನ್ನು ಮನೆಯವರೆಲ್ಲ ಮಾವಶಿ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತೇವೆ. ಅವರ ಗಂಡ, ಮಗ ಇಬ್ಬರೂ ಈಗಲೂ ಸಣ್ಣ ದೋಣಿಯಲ್ಲಿ ಖಾಡಿಗೆ ಇಳಿಯುತ್ತಾರೆ. ಒಂದು ಮಧ್ಯಾಹ್ನ, ಬುಟ್ಟಿ ತಳ ಕಾಣುವ ಹೊತ್ತಿಗೆ, ಅವರು ಊಟದ ಡಬ್ಬಿ ಬಿಚ್ಚಿದರು. ಅಕ್ಕಿ ರೊಟ್ಟಿ, ನಿವಟಿಯ ಸಾರು. ನಿವಟಿ ಎಂದರೆ ನೀರಿಳಿದಾಗ ಕೆಸರಿನ ಮೇಲೆ ಜಿಗಿದಾಡುವ, ಕೆಸರಿನಲ್ಲೇ ಬಿಲ ಕೊರೆದು ಬದುಕುವ ಸಣ್ಣ ಮೀನು. ‘ಇದು ಎಲ್ಲಿಯದು?’ ಎಂದೆ. ಮಾವಶಿ ನಕ್ಕರು. ‘ಇದು ಖಾಡಿಯದು. ಮಾರಾಟವಾಗದ್ದು ಮನೆಗೆ.’

ಖಾಡಿಯ ಕೆಸರಿಗೆ ಸೇರಿ ಮೀನಿಗೆ ಏರುವ ಪಾದರಸದ ಬಗ್ಗೆ ಮಾಲಿನ್ಯ ನಿಯಂತ್ರಣ ಮಂಡಳಿಗಳು, ಕಾರ್ಖಾನೆಗಳು, ಆಹಾರ ಇಲಾಖೆಗಳು ಬರೆದಿಟ್ಟ ಲೆಕ್ಕದ ಪುಸ್ತಕಗಳಲ್ಲಿ ಎಲ್ಲೂ ನಮೂದಾಗದೆ ಉಳಿದಿರುವುದು ಆ ಡಬ್ಬಿ.

ನಾನು ವೃತ್ತಿಯಿಂದ ರಸಾಯನ ವಿಶ್ಲೇಷಕ. ನಿವೃತ್ತಿಯ ತನಕ ಈ ಕೈಗಾರಿಕಾ ವಲಯದಲ್ಲೇ ಒಂದು ಖಾಸಗಿ ಪ್ರಯೋಗಾಲಯದಲ್ಲಿ ನೀರಿನ ಮಾದರಿಗಳನ್ನು ಪರೀಕ್ಷಿಸುತ್ತಿದ್ದೆ. ಹುಟ್ಟೂರು ಮಲ್ಪೆಯ ಹತ್ತಿರ, ಮೊಗವೀರರ ಮನೆತನ. ತುಳುನಾಡಿನ ಮೊಗವೀರರು ಮುಂಬಯಿಗೆ ಬಂದು 1902ರಷ್ಟು ಹಿಂದೆಯೇ ತಮ್ಮ ವ್ಯವಸ್ಥಾಪಕ ಮಂಡಳಿಯನ್ನು ಕಟ್ಟಿಕೊಂಡವರು. ನನ್ನ ಸೋದರಮಾವ ಸಸೂನ್ ಡಾಕ್‌ನ ದೋಣಿಗಳಲ್ಲಿ ತಾಂಡೇಲನಾಗಿದ್ದ, ಅಂದರೆ ದೋಣಿಯ ಮುಖ್ಯಸ್ಥ. ಹಾಗಾಗಿ ಮೀನಿನ ವಿಷಯ ಬಂದರೆ ನನ್ನೊಳಗಿನ ರಸಾಯನಶಾಸ್ತ್ರಜ್ಞನೂ ನನ್ನ ನಾಲಿಗೆಯೂ ಜಗಳ ಆಡುತ್ತವೆ. ಈ ಲೇಖನದಲ್ಲೂ ಆಡಬಹುದು.

ಖಾಡಿಗೆ ಪಾದರಸ ಹೇಗೆ ಬಂತು? ಪಾದರಸ ಎಂದೊಡನೆ ಎಲ್ಲರಿಗೂ ಥರ್ಮಾಮೀಟರ್ ನೆನಪಾಗುತ್ತದೆ. ಆದರೆ ಭಾರತದ ಅಳಿವೆಗಳಿಗೆ ಅದನ್ನು ಹೊತ್ತು ತಂದದ್ದು ಮುಖ್ಯವಾಗಿ ಕಾಸ್ಟಿಕ್ ಸೋಡಾ. ಸಾಬೂನಿಗೆ, ಕಾಗದಕ್ಕೆ, ರೇಯಾನ್ ಬಟ್ಟೆಗೆ ಬೇಕಾದ ಈ ಕ್ಷಾರವನ್ನು ಹಳೆಯ ವಿಧಾನದಲ್ಲಿ ತಯಾರಿಸಲು ಉದ್ದನೆಯ ತೊಟ್ಟಿಯ ತಳದಲ್ಲಿ ಪಾದರಸವನ್ನು ತೆಳುವಾಗಿ ಹರಿಯಬಿಡುತ್ತಿದ್ದರು. ಅದರ ಮೇಲೆ ಉಪ್ಪುನೀರು, ಉಪ್ಪುನೀರಿಗೆ ವಿದ್ಯುತ್ತು. ಒಂದು ಕಡೆ ಕ್ಲೋರಿನ್ ಮೇಲೇಳುತ್ತದೆ, ಇನ್ನೊಂದು ಕಡೆ ಸೋಡಿಯಂ ಪಾದರಸದಲ್ಲಿ ಬೆರೆಯುತ್ತದೆ. ಆ ಮಿಶ್ರಣಕ್ಕೆ ನೀರು ಸೇರಿಸಿದರೆ ಕಾಸ್ಟಿಕ್ ಸೋಡಾ ಸಿದ್ಧ, ಪಾದರಸ ಮರಳಿ ತೊಟ್ಟಿಗೆ. ಕಾಗದದ ಮೇಲೆ ಒಂದು ಹನಿಯೂ ಖರ್ಚಾಗಬಾರದು. ವಾಸ್ತವದಲ್ಲಿ ಪ್ರತಿ ಸುತ್ತಿನಲ್ಲೂ ಸ್ವಲ್ಪ ಆವಿಯಾಗಿ, ಸ್ವಲ್ಪ ತೊಳೆದ ನೀರಿನಲ್ಲಿ, ಸ್ವಲ್ಪ ಉಪ್ಪಿನ ಗಸಿಯಲ್ಲಿ ಹೊರಗೆ ಹೋಗುತ್ತಿತ್ತು. ಕಾರ್ಖಾನೆ ಹೊಸ ಪಾದರಸವನ್ನು ಕೊಂಡು ತುಂಬಿಸಿಕೊಳ್ಳುತ್ತಿತ್ತು. ಹೋದದ್ದು ಎಲ್ಲಿಗೆ ಹೋಯಿತು ಎಂಬುದು ಖರೀದಿ ವಿಭಾಗದ ಪ್ರಶ್ನೆಯಲ್ಲವಲ್ಲ.

ಖಾಡಿಯ ಪೂರ್ವ ದಂಡೆಯಲ್ಲಿ ಥಾಣೆಯಿಂದ ಬೇಲಾಪುರದ ತನಕ ಕೈಗಾರಿಕೆಗಳ ಸಾಲು ಹಬ್ಬಿದ್ದು 1960ರ ದಶಕದಿಂದ. ಉತ್ತರದಲ್ಲಿ ಉಲ್ಹಾಸ ನದಿಯ ಮೇಲೆ ಅಂಬರನಾಥ, ಉಲ್ಹಾಸನಗರ, ಕಲ್ಯಾಣ, ಡೊಂಬಿವಲಿ. ಎರಡೂ ಜಲರಾಶಿಗಳು ಥಾಣೆಯ ಬಳಿ ಕಿರಿದಾದ ಒಂದು ಹರಿವಿನಿಂದ ಕೂಡಿಕೊಂಡಿವೆ. ಸುಮಾರು 26 ಕಿಲೋಮೀಟರ್ ಉದ್ದದ ಈ ಖಾಡಿಯ ಮೇಲ್ಭಾಗಕ್ಕೆ ಮಳೆಗಾಲದಲ್ಲಿ ಬಿಟ್ಟರೆ ಸಿಹಿನೀರಿನ ತಳ್ಳು ಇಲ್ಲ. ಭರತ ಬಂದಾಗ ನೀರು ಮೇಲೇರುತ್ತದೆ, ಇಳಿತದಲ್ಲಿ ಕೆಳಗಿಳಿಯುತ್ತದೆ, ಆರು ಗಂಟೆ ಕಳೆದು ಅದೇ ನೀರು ವಾಪಸು ಬರುತ್ತದೆ. ಸುರಿದದ್ದು ಸಮುದ್ರಕ್ಕೆ ಹೋಗಿ ಕರಗುತ್ತದೆ ಎಂದುಕೊಂಡವರು ಖಾಡಿಯನ್ನು ಒಂದು ಇಡೀ ದಿನ ಕೂತು ನೋಡಿದವರಲ್ಲ. ಗೋವಾದ ದೋನಾ ಪಾವ್ಲಾದಲ್ಲಿರುವ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಥಾಣೆ ಖಾಡಿಯ ಪಾದರಸದ ಬಗ್ಗೆ 1981ರಲ್ಲೇ ಸಾಗರ ಮಾಲಿನ್ಯದ ಅಂತಾರಾಷ್ಟ್ರೀಯ ನಿಯತಕಾಲಿಕದಲ್ಲಿ ಬರೆದರು. ಉಲ್ಹಾಸ ಅಳಿವೆಯ ಕೆಸರಿನಲ್ಲಿ ಶೇಖರವಾಗಿದ್ದ ಪಾದರಸದ ಬಗ್ಗೆ 2003ರಲ್ಲಿ ಅದೇ ಪತ್ರಿಕೆಯಲ್ಲಿ ಮತ್ತೊಂದು ಅಧ್ಯಯನ ಬಂತು. ಆದ್ದರಿಂದ ‘ಗೊತ್ತಿರಲಿಲ್ಲ’ ಎಂಬ ಮಾತು ಇಲ್ಲಿ ಯಾರಿಗೂ ಲಭ್ಯವಿಲ್ಲ.

ಈಗ ಕೆಸರಿನ ಸಂಗತಿ. ಕಾರ್ಖಾನೆಯಿಂದ ಹೊರಬಿದ್ದ ಪಾದರಸ ನೀರಿನಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ. ಮಣ್ಣಿನ ಕಣಗಳಿಗೆ ಅಂಟಿ ತಳ ಸೇರುತ್ತದೆ. ಕತೆ ಅಲ್ಲಿಗೇ ಮುಗಿದಿದ್ದರೆ ಅಷ್ಟೇನೂ ಭಯವಿರಲಿಲ್ಲ. ಆದರೆ ಖಾಡಿಯ ಕೆಸರು ಒಂದು ಬೆರಳಿನಷ್ಟು ಕೆಳಗೆ ಹೋದರೆ ಆಮ್ಲಜನಕವಿಲ್ಲದ ಲೋಕ. ಕೊಳೆತ ಮೊಟ್ಟೆಯ ವಾಸನೆ ಬರುವುದು ಅಲ್ಲಿಂದಲೇ. ಅಲ್ಲಿ ಆಮ್ಲಜನಕದ ಬದಲು ಸಲ್ಫೇಟನ್ನು ಬಳಸಿ ಉಸಿರಾಡುವ ಬ್ಯಾಕ್ಟೀರಿಯಾಗಳಿವೆ. ಅವು ತಮ್ಮ ಪಾಡಿಗೆ ಬದುಕುತ್ತ ಪಾದರಸಕ್ಕೆ ಇಂಗಾಲದ ಒಂದು ಸಣ್ಣ ಬಾಲ ಜೋಡಿಸುತ್ತವೆ. ಅದು ಮೀಥೈಲ್ ಪಾದರಸ. ಬಾಲವಿಲ್ಲದ ಲೋಹವನ್ನು ನುಂಗಿದರೆ ಬಹುಪಾಲು ಹೊರಗೆ ಹೋಗುತ್ತದೆ. ಬಾಲವಿರುವುದು ಕರುಳಿನಲ್ಲಿ ಬಹುತೇಕ ಪೂರ್ತಿ ಹೀರಲ್ಪಟ್ಟು ರಕ್ತಕ್ಕೆ, ಮಿದುಳಿಗೆ, ಗರ್ಭಕ್ಕೆ ಹೋಗುತ್ತದೆ. ಮನುಷ್ಯನ ದೇಹದಿಂದ ಅರ್ಧದಷ್ಟು ಕಳೆಯಲು ಸುಮಾರು 50 ದಿನ ಬೇಕು.

ಅದು ಕೊಬ್ಬಿನಲ್ಲಿ ಕೂರುವುದಿಲ್ಲ, ಮಾಂಸದ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಹಾಗಾಗಿ ಚರ್ಮ ಸುಲಿದರೂ, ಹುಳಿ ಹಾಕಿ ಬೇಯಿಸಿದರೂ, ಎಣ್ಣೆಯಲ್ಲಿ ಕರಿದರೂ ಹೋಗುವುದಿಲ್ಲ. ಅರಸಿನ ಹಾಕಿದರೆ ವಿಷ ಹೋಗುತ್ತದೆ ಎಂದು ನನ್ನ ಅತ್ತೆಯವರು ಹೇಳುತ್ತಿದ್ದರು. ಅವರೊಂದಿಗೆ ವಾದ ಮಾಡುವ ಧೈರ್ಯ ನನಗೆ ಬರಲಿಲ್ಲ, ಇಲ್ಲಿ ಮಾಡುತ್ತಿದ್ದೇನೆ. ಒಣಗಿಸಿದರೂ ನೀರು ಹೋಗುತ್ತದೆ, ಪಾದರಸ ಉಳಿಯುತ್ತದೆ. ತೂಕಕ್ಕೆ ತೂಕ ನೋಡಿದರೆ ಒಣಮೀನಿನಲ್ಲಿ ಹೆಚ್ಚೇ. ಪಾಚಿಯಿಂದ ಸಿಗಡಿಗೆ, ಸಿಗಡಿಯಿಂದ ಸಣ್ಣ ಮೀನಿಗೆ, ಅಲ್ಲಿಂದ ದೊಡ್ಡದಕ್ಕೆ ಏರಿದಂತೆಲ್ಲ ಪ್ರಮಾಣ ಮೇಲೇರುತ್ತದೆ.

ಈ ಕೊಂಡಿಯನ್ನು ಜಗತ್ತಿಗೆ ಕಲಿಸಿದ್ದು ಜಪಾನಿನ ಮಿನಮಾಟ. ಹೆಸರು ಎಲ್ಲರೂ ಕೇಳಿದ್ದಾರೆ, ಆದರೆ ಅಲ್ಲಿ ನಡೆದದ್ದರ ಕ್ರಮವನ್ನು ನಿಧಾನವಾಗಿ ಓದಬೇಕು. ವಿಜ್ಞಾನಕ್ಕಿಂತ ಅಲ್ಲಿನ ಕಚೇರಿ ವ್ಯವಹಾರ ಹೆಚ್ಚು ಕಲಿಸುತ್ತದೆ.

ಚಿಸ್ಸೋ ಕಂಪನಿಯ ಕಾರ್ಖಾನೆ 1932ರಿಂದ ಪಾದರಸವನ್ನು ವೇಗವರ್ಧಕವಾಗಿ ಬಳಸಿ ಅಸಿಟಾಲ್ಡಿಹೈಡ್ ತಯಾರಿಸುತ್ತಿತ್ತು. ಅಲ್ಲಿ ಬ್ಯಾಕ್ಟೀರಿಯಾಗಳ ನೆರವೂ ಬೇಕಾಗಿರಲಿಲ್ಲ. ಮೀಥೈಲ್ ಪಾದರಸ ಕಾರ್ಖಾನೆಯೊಳಗೇ ಹುಟ್ಟಿ ಕೊಲ್ಲಿಗೆ ಹರಿಯಿತು. ಮೊದಲು ಬೆಕ್ಕುಗಳು ಕುಣಿದು, ಗಿರಗಿರನೆ ಸುತ್ತಿ, ನೀರಿಗೆ ಬಿದ್ದು ಸತ್ತವು. ಕಾಗೆಗಳು ಹಾರುತ್ತ ಹಾರುತ್ತಲೇ ಕೆಳಗುರುಳಿದವು. ಮೀನುಗಾರರು ಇದನ್ನು ಕಂಡು ಮಾತನಾಡಿಕೊಂಡರು, ಕೇಳಿಸಿಕೊಳ್ಳುವವರು ಇರಲಿಲ್ಲ. 1956ರ ಏಪ್ರಿಲಿನಲ್ಲಿ ನಡೆಯಲಾಗದ, ಮಾತು ತೊದಲುವ ಐದು ವರ್ಷದ ಹುಡುಗಿಯೊಬ್ಬಳನ್ನು ಕಾರ್ಖಾನೆಯ ಆಸ್ಪತ್ರೆಗೇ ತಂದರು. ಮೇ 1ರಂದು ಆಸ್ಪತ್ರೆಯ ಮುಖ್ಯಸ್ಥ ಡಾ. ಹೊಸೋಕಾವಾ ಹಾಜಿಮೆ ‘ಕಾರಣ ತಿಳಿಯದ ನರರೋಗ’ ಎಂದು ಆರೋಗ್ಯ ಕಚೇರಿಗೆ ವರದಿ ಮಾಡಿದರು.

ಕೊಲ್ಲಿಯ ಮೀನೇ ಕಾರಣವೆಂಬ ಅನುಮಾನ ಕೆಲವೇ ತಿಂಗಳಲ್ಲಿ ಗಟ್ಟಿಯಾಯಿತು. ಹಾಗಿದ್ದರೆ ಮೀನು ಹಿಡಿಯುವುದನ್ನು ಕಾನೂನಿನಿಂದ ನಿಷೇಧಿಸಬಹುದೇ ಎಂದು ಪ್ರಾಂತ್ಯದ ಆಡಳಿತ ಕೇಂದ್ರ ಆರೋಗ್ಯ ಸಚಿವಾಲಯವನ್ನು ಕೇಳಿತು. 1957ರ ಸೆಪ್ಟೆಂಬರಿನಲ್ಲಿ ಬಂದ ಉತ್ತರದ ಸಾರಾಂಶ: ಕೊಲ್ಲಿಯ ಎಲ್ಲ ಮೀನುಗಳೂ ವಿಷಪೂರಿತ ಎಂಬುದಕ್ಕೆ ಸ್ಪಷ್ಟ ಪುರಾವೆಯಿಲ್ಲ, ಆದ್ದರಿಂದ ಕಾಯಿದೆ ಅನ್ವಯಿಸುವುದಿಲ್ಲ. ಎಲ್ಲ ಮೀನುಗಳೂ! ಒಂದು ಕೊಲ್ಲಿಯ ಎಲ್ಲ ಮೀನುಗಳನ್ನೂ ಹಿಡಿದು ಪರೀಕ್ಷಿಸಿ ಮುಗಿಸುವ ಪ್ರಯೋಗಾಲಯ ಭೂಮಿಯ ಮೇಲೆ ಎಲ್ಲಿದೆ? ಆ ಉತ್ತರ ಬರೆದ ಗುಮಾಸ್ತನನ್ನು ನಾನು ಎಷ್ಟೋ ಸಲ ಊಹಿಸಿಕೊಂಡಿದ್ದೇನೆ. ಅವನು ದುಷ್ಟನಾಗಿರಲಿಕ್ಕಿಲ್ಲ. ಕಡತ ತನ್ನ ಮೇಜಿನಿಂದ ಆಚೆ ಹೋದರೆ ಸಾಕಾಗಿತ್ತು ಅವನಿಗೆ.

ಮುಂದಿನ ವರ್ಷ ಕಂಪನಿ ತನ್ನ ತ್ಯಾಜ್ಯದ ಹರಿವನ್ನು ಬಂದರಿನಿಂದ ತಪ್ಪಿಸಿ ಮಿನಮಾಟ ನದಿಯ ಬಾಯಿಗೆ ತಿರುಗಿಸಿತು. ಅಲ್ಲಿಯ ತನಕ ಕೊಲ್ಲಿಯೊಳಗಿದ್ದ ರೋಗ ಆಚೆಯ ಷಿರಾನುಯಿ ಸಮುದ್ರದ ದಡಕ್ಕೂ ಹರಡಿತು. ‘ಇನ್ನೂ ದೂರಕ್ಕೆ, ಇನ್ನೂ ಆಳಕ್ಕೆ ಪೈಪ್ ಹಾಕೋಣ’ ಎಂಬ ಪರಿಹಾರವನ್ನು ಇಲ್ಲಿ ಯಾರಾದರೂ ಮುಂದಿಟ್ಟಾಗಲೆಲ್ಲ ನನಗೆ ಆ ನದಿಯ ಬಾಯಿ ನೆನಪಾಗುತ್ತದೆ. 1959ರಲ್ಲಿ ಹೊಸೋಕಾವಾ ಕಾರ್ಖಾನೆಯ ತ್ಯಾಜ್ಯವನ್ನೇ ಆಹಾರದಲ್ಲಿ ಬೆರೆಸಿ ಬೆಕ್ಕೊಂದಕ್ಕೆ ತಿನ್ನಿಸಿದರು. 400 ಎಂಬ ಸಂಖ್ಯೆಯ ಆ ಬೆಕ್ಕಿಗೆ ಅದೇ ರೋಗ ಬಂತು. ಕಂಪನಿ ಪ್ರಯೋಗವನ್ನು ನಿಲ್ಲಿಸಿತು, ಫಲಿತಾಂಶವನ್ನು ಮುಚ್ಚಿಟ್ಟಿತು. ಅದೇ ಡಿಸೆಂಬರಿನಲ್ಲಿ ಶುದ್ಧೀಕರಣ ಯಂತ್ರವೊಂದರ ಉದ್ಘಾಟನೆಯಾಯಿತು. ಕಂಪನಿಯ ಅಧ್ಯಕ್ಷರು ಎಲ್ಲರೆದುರು ಒಂದು ಲೋಟ ನೀರು ಕುಡಿದು ತೋರಿಸಿದರು. ಆ ಲೋಟದಲ್ಲಿದ್ದದ್ದು ಅಸಿಟಾಲ್ಡಿಹೈಡ್ ಘಟಕದ ನೀರಾಗಿರಲಿಲ್ಲ. ಯಂತ್ರ ಮೀಥೈಲ್ ಪಾದರಸವನ್ನು ತೆಗೆಯಲು ಮಾಡಿದ್ದೂ ಆಗಿರಲಿಲ್ಲ. ವರ್ಷದ ಕೊನೆಯಲ್ಲಿ ರೋಗಿಗಳಿಗೆ ‘ಸಾಂತ್ವನದ ಹಣ’ ಕೊಡುವ ಒಪ್ಪಂದವಾಯಿತು. ಮುಂದೆ ಕಾರ್ಖಾನೆಯೇ ಕಾರಣವೆಂದು ಸಾಬೀತಾದರೂ ಹೆಚ್ಚಿನ ಪರಿಹಾರ ಕೇಳಕೂಡದು ಎಂಬುದು ಅದರ ಷರತ್ತು.

ಜಪಾನ್ ಸರಕಾರ ಕಾರಣವನ್ನು ಅಧಿಕೃತವಾಗಿ ಒಪ್ಪಿಕೊಂಡದ್ದು 1968ರ ಸೆಪ್ಟೆಂಬರಿನಲ್ಲಿ. ಕಾರ್ಖಾನೆ ಆ ವಿಧಾನವನ್ನು ಕೈಬಿಟ್ಟು ಆಗ ನಾಲ್ಕು ತಿಂಗಳಾಗಿತ್ತು. ಅಗತ್ಯ ತೀರಿದ ಮೇಲೆ ಸತ್ಯ ಹೇಳುವುದು ಸುಲಭ.

ಅತ್ಯಂತ ಭಾರವಾದ ಭಾಗ ಗರ್ಭದ್ದು. ಮೀಥೈಲ್ ಪಾದರಸ ಮಾಸನ್ನು (ಪ್ಲಾಸೆಂಟಾ) ದಾಟುತ್ತದೆ. ತಾಯಿಯ ರಕ್ತಕ್ಕಿಂತ ಮಗುವಿನ ರಕ್ತದಲ್ಲಿ ಹೆಚ್ಚು ಸೇರುತ್ತದೆ. ತಾಯಿಗೆ ಬೆರಳು ತುದಿಗಳಲ್ಲಿ ಸ್ವಲ್ಪ ಜುಮುಗುಡುವಿಕೆ, ಅಷ್ಟೇ. ಮಗು ಮಾತ್ರ ಕೈಕಾಲು ಸೆಟೆದು, ಜೀವಮಾನವಿಡೀ ಮಾತು ಬಾರದೆ ಹುಟ್ಟುತ್ತಿತ್ತು. ಜಪಾನಿನಲ್ಲಿ ಒಣಗಿದ ಹೊಕ್ಕುಳಬಳ್ಳಿಯನ್ನು ಪೆಟ್ಟಿಗೆಯಲ್ಲಿ ಜೋಪಾನವಾಗಿಡುವ ಪದ್ಧತಿಯಿದೆ, ನಮ್ಮಲ್ಲಿ ಕೆಲವರು ತಾಯಿತದಲ್ಲಿ ಇಡುವಂತೆ. ವರ್ಷಗಳ ನಂತರ ಡಾ. ಹರಾಡಾ ಮಸಜುಮಿ ಮುಂತಾದವರು ಆ ಬಳ್ಳಿಗಳಲ್ಲೇ ಪಾದರಸವನ್ನು ಅಳೆದರು. ಕಚೇರಿಗಳು ಇಡದಿದ್ದ ದಾಖಲೆಯನ್ನು ತಾಯಂದಿರು ಇಟ್ಟಿದ್ದರು.

ಥಾಣೆ ಖಾಡಿ ಮಿನಮಾಟ ಎಂದು ನಾನು ಹೇಳುತ್ತಿಲ್ಲ. ಅಲ್ಲಿ ಒಂದೇ ಕಾರ್ಖಾನೆ ಮೀಥೈಲ್ ಪಾದರಸವನ್ನೇ ನೇರವಾಗಿ ಸುರಿಯಿತು. ಇಲ್ಲಿ ಬಿದ್ದದ್ದು ಬೇರೆ ರೂಪ, ಪರಿವರ್ತನೆ ನಿಧಾನ. ನೂರಾರು ಮೂಲಗಳು, ಜೊತೆಗೆ ಒಂದು ಮಹಾನಗರದ ಚರಂಡಿ. ಇಲ್ಲಿ ಯಾವ ಬೆಕ್ಕೂ ಕುಣಿದದ್ದನ್ನು ನಾನು ಕಂಡಿಲ್ಲ. ಆದರೆ ಕುಣಿಯುವ ಬೆಕ್ಕಿಗಾಗಿ ಕಾಯುವುದು ಅಳತೆಯ ವಿಧಾನವಲ್ಲ. ಕಡಿಮೆ ಪ್ರಮಾಣದ ಪಾದರಸ ಯಾರನ್ನೂ ಆಸ್ಪತ್ರೆಗೆ ಕಳುಹಿಸುವುದಿಲ್ಲ. ಮಕ್ಕಳ ನೆನಪು, ಗಮನ, ಮಾತಿನ ಬೆಳವಣಿಗೆಯಲ್ಲಿ ಕೂದಲೆಳೆಯಷ್ಟು ಕಡಿತ ಮಾಡುತ್ತದೆ. ತಿಮಿಂಗಿಲದ ಮಾಂಸ ತಿನ್ನುವ ಫೆರೋ ದ್ವೀಪಗಳ ಮಕ್ಕಳಲ್ಲಿ ಇಂಥ ಪರಿಣಾಮ ಕಾಣಿಸಿತು. ಮೀನನ್ನೇ ಹೆಚ್ಚು ತಿನ್ನುವ ಸೀಶೆಲ್ಸ್ ದ್ವೀಪಗಳ ಮಕ್ಕಳಲ್ಲಿ ಹಾಗೆ ಸ್ಪಷ್ಟವಾಗಿ ಕಾಣಲಿಲ್ಲ. ಮೀನಿನಲ್ಲಿರುವ ಒಳ್ಳೆಯ ಕೊಬ್ಬು ಪಾದರಸದ ಕೆಡುಕನ್ನು ಸ್ವಲ್ಪ ಮರೆಮಾಡುತ್ತದೆ ಎಂಬ ವಾದವೂ ಇದೆ. ಆದ್ದರಿಂದ ‘ಮೀನು ಬಿಡಿ’ ಎಂದು ಕೂಗುವವರು ನನ್ನ ಪಂಗಡದವರಲ್ಲ.

ನನ್ನ ತಕರಾರು ಲೆಕ್ಕದ್ದು. ಎರಡು ಸರಳ ಗುಣಾಕಾರ ಮಾಡೋಣ.

ಭಾರತದ ನಿಯಮದಲ್ಲಿ ಕಾರ್ಖಾನೆಯ ತ್ಯಾಜ್ಯ ನೀರಿನ ಪಾದರಸಕ್ಕೆ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಕೇಳಲು ಬಹಳ ಕಟ್ಟುನಿಟ್ಟು. ಆದರೆ ದಿನಕ್ಕೆ ಒಂದು ಕೋಟಿ ಲೀಟರ್ ನೀರು ಬಿಡುವ ಒಂದು ಸಾಮೂಹಿಕ ಶುದ್ಧೀಕರಣ ಘಟಕ ಈ ಮಿತಿಯ ಅಂಚಿನಲ್ಲಿಯೇ ಇದೆ ಎಂದುಕೊಳ್ಳಿ. ದಿನಕ್ಕೆ 100 ಗ್ರಾಂ. ವರ್ಷಕ್ಕೆ 36.5 ಕಿಲೋ. ಪಾದರಸ ನೀರಿಗಿಂತ 13.6 ಪಟ್ಟು ಭಾರವಾದ್ದರಿಂದ ಅಷ್ಟೂ ಸೇರಿದರೆ ಮೂರು ಲೀಟರಿನ ಹಾಲಿನ ಕ್ಯಾನೂ ತುಂಬುವುದಿಲ್ಲ; ಎತ್ತಲು ಹೋದರೆ ಮಾತ್ರ ಸೊಂಟ ಹಿಡಿಯುತ್ತದೆ. ಅಷ್ಟು ಪಾದರಸವನ್ನು ಪ್ರತಿ ವರ್ಷ ಖಾಡಿಗೆ ಸುರಿದೂ ‘ನಿಯಮಾನುಸಾರ’ ಎಂಬ ಪ್ರಮಾಣಪತ್ರ ಪಡೆಯಬಹುದು. ಕಾನೂನು ಸಾಂದ್ರತೆಯನ್ನು ಕೇಳುತ್ತದೆ. ಕೆಸರು ಒಟ್ಟು ಮೊತ್ತವನ್ನು ಕೂಡಿಸಿಡುತ್ತದೆ.

ಎರಡನೆಯದು ತಟ್ಟೆಯ ಲೆಕ್ಕ. ಮೀನಿನಲ್ಲಿ ಪಾದರಸದ ಮಿತಿ ಸಾಮಾನ್ಯವಾಗಿ ಕಿಲೋಗೆ 0.5 ಮಿಲಿಗ್ರಾಂ, ಬೇರೆ ಮೀನುಗಳನ್ನು ಬೇಟೆಯಾಡುವ ದೊಡ್ಡ ಮೀನುಗಳಿಗೆ 1 ಮಿಲಿಗ್ರಾಂ. ಇನ್ನೊಂದು ಕಡೆ, ವಿಶ್ವ ಆರೋಗ್ಯ ಸಂಸ್ಥೆಯ ಆಹಾರ ತಜ್ಞರ ಸಮಿತಿ 2003ರಲ್ಲಿ ಹೇಳಿದ್ದು: ಮನುಷ್ಯ ವಾರಕ್ಕೆ ದೇಹತೂಕದ ಪ್ರತಿ ಕಿಲೋಗೆ 1.6 ಮೈಕ್ರೋಗ್ರಾಂಗಿಂತ ಹೆಚ್ಚು ಮೀಥೈಲ್ ಪಾದರಸ ತಿನ್ನಬಾರದು. 50 ಕಿಲೋ ತೂಕದ ಹೆಂಗಸಿಗೆ ಇದು ವಾರಕ್ಕೆ 80 ಮೈಕ್ರೋಗ್ರಾಂ. ಮೀನಿನಲ್ಲಿರುವ ಪಾದರಸದ ಬಹುಪಾಲು ಮೀಥೈಲ್ ರೂಪದಲ್ಲೇ ಇರುತ್ತದೆ. ಕಾನೂನು ಒಪ್ಪುವ 0.5ರ ಮೀನನ್ನೇ ತಿಂದರೆ ಆಕೆ ವಾರಕ್ಕೆ 160 ಗ್ರಾಂಗೆ ನಿಲ್ಲಿಸಬೇಕು. ನನ್ನಂಥ ಭಾನುವಾರದ ಗಿರಾಕಿಗೆ ಇದು ಸರಿಹೋಗುತ್ತದೆ. ಮಾವಶಿಯ ಮನೆಯಲ್ಲಿ ದಿನಕ್ಕೆ ಒಬ್ಬರಿಗೆ 150 ಗ್ರಾಂ ಎಂದಿಟ್ಟುಕೊಳ್ಳಿ, ಕೋಳಿ ಸಮುದಾಯದ ಮನೆಗೆ ಇದು ಜಿಪುಣ ಅಂದಾಜು. ವಾರಕ್ಕೆ ಒಂದು ಕಿಲೋ ದಾಟಿತು. 525 ಮೈಕ್ರೋಗ್ರಾಂ, ಮಿತಿಯ ಆರು ಪಟ್ಟಿಗೂ ಹೆಚ್ಚು. ಮೀನಿನಲ್ಲಿ ಕೇವಲ 0.1 ಇದ್ದರೂ, ಅಂದರೆ ಕಾನೂನಿನ ಮಿತಿಯ ಐದನೇ ಒಂದು ಭಾಗ ಮಾತ್ರ ಇದ್ದರೂ, 105 ಮೈಕ್ರೋಗ್ರಾಂ. ಸುರಕ್ಷತೆಗಾಗಿ ವಾರಕ್ಕಿಷ್ಟು ಎಂಬ ಈ ಮಿತಿಯನ್ನು ಸಾಕಷ್ಟು ಕೆಳಗೇ ಇಟ್ಟಿರುತ್ತಾರೆ, ದಾಟಿದೊಡನೆ ಯಾರೂ ಬೀಳುವುದಿಲ್ಲ, ನಿಜ. ಆದರೂ ಪರೀಕ್ಷೆಯಲ್ಲಿ ‘ಪಾಸ್’ ಆದ ಮೀನೇ ಒಂದು ಮನೆಗೆ ಸರಿ, ಇನ್ನೊಂದು ಮನೆಗೆ ಅತಿ. ಆ ಇನ್ನೊಂದು ಮನೆ ಯಾವಾಗಲೂ ಬಲೆ ಬೀಸಿದವನದೇ.

ಅಳತೆಯ ಇನ್ನೊಂದು ಕುತ್ತು ನನ್ನ ಕಸುಬಿನೊಳಗಿನದು. ಪಾದರಸದ ಮಾದರಿಯನ್ನು ಶುಚಿಯಾದ ಗಾಜಿನ ಬಾಟಲಿಯಲ್ಲಿ, ಆಮ್ಲ ಸೇರಿಸಿ, ತಣ್ಣಗೆ ತರಬೇಕು. ಸಾಮಾನ್ಯ ಪ್ಲಾಸ್ಟಿಕ್ ಬಾಟಲಿಯಲ್ಲಿ ಆಮ್ಲವಿಲ್ಲದೆ ತಂದರೆ ಅದು ಗೋಡೆಗೆ ಅಂಟಿಕೊಳ್ಳುತ್ತದೆ, ಪ್ಲಾಸ್ಟಿಕ್ಕಿನ ಮೂಲಕ ಆವಿಯಾಗಿಯೂ ಹೋಗುತ್ತದೆ. ಜೀಪಿನ ಹಿಂಬದಿಯಲ್ಲಿ ಎರಡು ದಿನ ಬಿಸಿಲು ಕಂಡ ಕುಡಿಯುವ ನೀರಿನ ಬಾಟಲಿಗಳು ನನ್ನ ಮೇಜಿಗೆ ಎಷ್ಟು ಬಂದಿವೆಯೋ! ಯಂತ್ರ ಪ್ರಾಮಾಣಿಕವಾಗಿ ‘ಪತ್ತೆಯಾಗಿಲ್ಲ’ ಎನ್ನುತ್ತಿತ್ತು. ನಾನು ಪ್ರಾಮಾಣಿಕವಾಗಿ ಸಹಿ ಹಾಕುತ್ತಿದ್ದೆ. ಒಮ್ಮೆ ಷರಾ ಬರೆದೆ: ‘ಮಾದರಿ ಸಂಗ್ರಹ ಸರಿಯಿಲ್ಲ.’ ಗಿರಾಕಿ ಮುಂದಿನ ತಿಂಗಳಿಂದ ಬೇರೆ ಪ್ರಯೋಗಾಲಯಕ್ಕೆ ಹೋದರು, ನಮ್ಮ ವ್ಯವಸ್ಥಾಪಕರು ನನ್ನನ್ನು ಚಹಾಕ್ಕೆ ಕರೆದು ಮೃದುವಾಗಿ ಮಾತನಾಡಿದರು. ಮತ್ತೆ ಷರಾ ಬರೆಯಲಿಲ್ಲ. ಅಷ್ಟೂ ವರ್ಷಗಳಲ್ಲಿ ಬಂದದ್ದು ನೀರು. ಕೆಸರು ಅಪರೂಪ. ಮೀನು ಇನ್ನೂ ಅಪರೂಪ. ಮನುಷ್ಯರ ಕೂದಲು ಒಮ್ಮೆಯೂ ಬರಲಿಲ್ಲ.

ಮಹಾರಾಷ್ಟ್ರ ಮಾಲಿನ್ಯ ನಿಯಂತ್ರಣ ಮಂಡಳಿ ಪ್ರಕಟಿಸುವ ನೀರಿನ ಗುಣಮಟ್ಟ ಸೂಚ್ಯಂಕಕ್ಕೆ ಬಳಸುವ ಅಂಶಗಳು ನಾಲ್ಕು: ಆಮ್ಲೀಯತೆ, ಕರಗಿದ ಆಮ್ಲಜನಕ, ಜೈವಿಕ ಆಮ್ಲಜನಕದ ಬೇಡಿಕೆ, ಮಲದ ಬ್ಯಾಕ್ಟೀರಿಯಾ. ಚರಂಡಿಯನ್ನು ಹಿಡಿಯಲು ಒಳ್ಳೆಯ ಜಾಲ. ಪಾದರಸ ಅದರ ಕಣ್ಣುಗಳಿಂದ ನುಸುಳಿ ಹೋಗುತ್ತದೆ.

ಒಳ್ಳೆಯ ಸುದ್ದಿಯೂ ಇದೆ, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. 2003ರಲ್ಲಿ ಕೇಂದ್ರದ ಪರಿಸರ ಸಚಿವಾಲಯ ಮತ್ತು ಉದ್ಯಮಗಳ ನಡುವೆ ಆದ ಒಡಂಬಡಿಕೆಯ ನಂತರ ಪಾದರಸದ ತೊಟ್ಟಿಗಳು ಒಂದೊಂದಾಗಿ ಹೋಗಿ ಪಾದರಸವೇ ಬೇಡದ ಪೊರೆಯ (ಮೆಂಬ್ರೇನ್) ತಂತ್ರಜ್ಞಾನ ಬಂತು. ಪಾದರಸದ ಮೇಲಿನ ಮಿನಮಾಟ ಒಪ್ಪಂದ 2013ರಲ್ಲಿ ಅಂಗೀಕಾರವಾಗಿ 2017ರ ಆಗಸ್ಟಿನಲ್ಲಿ ಜಾರಿಗೆ ಬಂತು. ಭಾರತ 2018ರ ಜೂನಿನಲ್ಲಿ ಅನುಮೋದಿಸಿತು. ಕಲ್ಲಿದ್ದಲಿನಲ್ಲಿ ಸಹಜವಾಗಿಯೇ ಪಾದರಸವಿರುವುದರಿಂದ ಉಷ್ಣ ವಿದ್ಯುತ್ ಸ್ಥಾವರಗಳ ಹೊಗೆಗೆ 2015ರಲ್ಲಿ ಮಿತಿ ಹಾಕಿದರು. ಕಸದ ರಾಶಿಗಳಲ್ಲಿ ಒಡೆಯುವ ಟ್ಯೂಬ್‌ಲೈಟುಗಳೂ ಕಡಿಮೆಯಾಗುತ್ತಿವೆ.

ಹೊಸದಾಗಿ ಸುರಿಯುವುದು ಕಡಿಮೆಯಾಯಿತು, ಹಳೆಯದು ಕೆಸರಿನಲ್ಲಿದೆ. ಪಾದರಸ ಕೊಳೆಯುವುದಿಲ್ಲ, ಹೂತುಹೋಗುತ್ತದೆ ಅಷ್ಟೇ. ಮಿನಮಾಟದಲ್ಲಿ 25 ಪಿಪಿಎಂಗಿಂತ (ಹತ್ತು ಲಕ್ಷ ಭಾಗಕ್ಕೆ 25 ಭಾಗ) ಹೆಚ್ಚು ಪಾದರಸವಿದ್ದ ಸುಮಾರು 15 ಲಕ್ಷ ಘನ ಮೀಟರ್ ಹೂಳನ್ನು 1977ರಿಂದ 1990ರ ತನಕ ಹೀರಿ ತೆಗೆದು, ಕೊಲ್ಲಿಯ ಒಂದು ಭಾಗವನ್ನು ತುಂಬಿಸಿ 58 ಹೆಕ್ಟೇರ್ ನೆಲ ಮಾಡಿದರು. ಕಲುಷಿತ ಮೀನು ಆಚೆ ಹೋಗದಂತೆ ಕೊಲ್ಲಿಯ ಬಾಯಿಗೆ ಕಟ್ಟಿದ್ದ ಬಲೆಯನ್ನು ಬಿಚ್ಚಿದ್ದು 1997ರಲ್ಲಿ. ನಮ್ಮ ಖಾಡಿಯ ಒಂದು ಭಾಗ 2015ರಲ್ಲಿ ರಾಜಹಂಸಗಳ ಅಭಯಾರಣ್ಯವಾಯಿತು, 2022ರಲ್ಲಿ ರಾಮ್ಸಾರ್ ತಾಣ, ಅಂದರೆ ಅಂತಾರಾಷ್ಟ್ರೀಯ ಮಹತ್ವದ ಜೌಗುಪ್ರದೇಶ, ಆಯಿತು. ಸಂತೋಷವೇ. ಆದರೆ ಅದೇ ನೀರಿನಲ್ಲಿ ಸೇತುವೆಗಳಿಗಾಗಿ ಕಂಬ ಇಳಿಸುತ್ತಾರೆ, ಹಡಗುಗಳಿಗಾಗಿ ಹೂಳು ಎತ್ತುತ್ತಾರೆ. ಹೂತಿದ್ದನ್ನು ಕದಡಿದರೆ ಏನು ಮೇಲೇಳುತ್ತದೆ ಎಂಬುದು ಸೇತುವೆಯ ಅಂದಾಜು ಪಟ್ಟಿಯೊಳಗೇ ಒಂದು ಸಾಲಾಗಬೇಕು ಎಂದು ನಾನು ವಾದಿಸುತ್ತೇನೆ.

ಪರಿಹಾರದ ಕಾನೂನು ಕೂಡ ಕಣ್ಣಿಗೆ ಕಾಣುವುದಕ್ಕೆ ಮಾತ್ರ ಬೆಲೆ ಕಟ್ಟುತ್ತದೆ. 2015ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಪುಣೆ ಪೀಠ ಜವಾಹರಲಾಲ್ ನೆಹರು ಬಂದರು ಮುಂತಾದ ಯೋಜನೆಗಳಿಂದ ಜೀವನೋಪಾಯ ಕಳೆದುಕೊಂಡ 1,630 ಕೋಳಿ ಕುಟುಂಬಗಳಿಗೆ 95.19 ಕೋಟಿ ರೂಪಾಯಿ ಕೊಡಬೇಕೆಂದು ಆದೇಶಿಸಿತು. ದೊಡ್ಡ ತೀರ್ಪು ಅದು. ಅಲ್ಲಿ ಕಾಂಡ್ಲಾ ಕಡಿದದ್ದು ಕಾಣುತ್ತಿತ್ತು, ದೋಣಿಯ ದಾರಿ ಮುಚ್ಚಿದ್ದು ಕಾಣುತ್ತಿತ್ತು. ನರಗಳಲ್ಲಿ ಕೂತ ಲೋಹವನ್ನು ನ್ಯಾಯಾಲಯಕ್ಕೆ ತೋರಿಸುವುದು ಹೇಗೆ? ಕೊಡೈಕೆನಾಲಿನ ಥರ್ಮಾಮೀಟರ್ ಕಾರ್ಖಾನೆ 2001ರಲ್ಲಿ ಮುಚ್ಚಿತು. ಅದನ್ನು ನಡೆಸುತ್ತಿದ್ದ, ಮುಂಬಯಿಯಲ್ಲಿ ಮುಖ್ಯ ಕಚೇರಿಯಿರುವ ಹಿಂದೂಸ್ತಾನ್ ಯೂನಿಲಿವರ್ 591 ಮಾಜಿ ಕಾರ್ಮಿಕರೊಂದಿಗೆ ಒಪ್ಪಂದಕ್ಕೆ ಬಂದದ್ದು 2016ರಲ್ಲಿ, ಮೊತ್ತ ಬಹಿರಂಗವಾಗಲಿಲ್ಲ. ಅವರಾದರೂ ಒಂದೇ ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ಹೆಸರಿದ್ದವರು. ಮಿನಮಾಟದಲ್ಲಿ ಅಧಿಕೃತ ಪ್ರಮಾಣಪತ್ರ ಸಿಕ್ಕಿದ್ದು 2,200ಕ್ಕೂ ಸ್ವಲ್ಪ ಹೆಚ್ಚು ಜನರಿಗೆ. ಉಳಿದವರು ಈಗಲೂ ನ್ಯಾಯಾಲಯದಲ್ಲಿದ್ದಾರೆ. 2023ರ ಸೆಪ್ಟೆಂಬರಿನಲ್ಲಿ ಒಸಾಕಾದ ನ್ಯಾಯಾಲಯ 128 ಮಂದಿಯನ್ನು ರೋಗಿಗಳೆಂದು ಒಪ್ಪಿತು, ಮೊದಲ ವರದಿಯಾಗಿ 67 ವರ್ಷಗಳ ಮೇಲೆ.

ನಮ್ಮ ಕರಾವಳಿಯವರು ಇದು ಮುಂಬಯಿಯ ರಗಳೆ ಎಂದು ಮಗ್ಗುಲು ಬದಲಿಸಬಾರದು. ಕಾರವಾರದ ಪಕ್ಕದ ಬಿಣಗಾದಲ್ಲಿ ಕಾಸ್ಟಿಕ್ ಸೋಡಾ ಕಾರ್ಖಾನೆಯ ಬಳಿಯ ಪಾದರಸದ ಬಗ್ಗೆ 1990ರಲ್ಲೇ ವೈಜ್ಞಾನಿಕ ಲೇಖನ ಬಂದಿತ್ತು. ಕೆಸರು ಎಲ್ಲ ಕಡೆಯೂ ಒಂದೇ ರೀತಿ ವರ್ತಿಸುತ್ತದೆ.

ಹಾಗಾದರೆ ಏನು ತಿನ್ನಬೇಕು? ಬೂತಾಯಿ, ಬಂಗುಡೆ ತಿನ್ನುವವರು ನೆಮ್ಮದಿಯಾಗಿ ತಿನ್ನಬಹುದು. ಸಣ್ಣ ಆಯುಷ್ಯದ, ಕೆಳ ಮೆಟ್ಟಿಲಿನ ಮೀನುಗಳವು, ತೆರೆದ ಸಮುದ್ರದವು. ಎಚ್ಚರ ಬೇಕಾದದ್ದು ದೊಡ್ಡ ತಾಟೆ (ಶಾರ್ಕ್), ದೊಡ್ಡ ಕೇದಾರ (ಟ್ಯೂನಾ), ತುಂಬ ಬೆಳೆದ ಅಂಜಲ್ ಬಗ್ಗೆ, ಅದೂ ಗರ್ಭಿಣಿಯರಿಗೆ. ನಮ್ಮ ಮನೆಯಲ್ಲಿ ಬಾಣಂತಿಗೆ ಹಾಲು ಹೆಚ್ಚಲೆಂದು ತಾಟೆಯ ಪದಾರ್ಥ ಮಾಡುತ್ತಿದ್ದರು. ಅಜ್ಜಿ ಯಾವಾಗಲೂ ಗೇಣುದ್ದದ ಮರಿ ತಾಟೆಯನ್ನೇ ಆರಿಸುತ್ತಿದ್ದರು, ದೊಡ್ಡದನ್ನು ಮುಟ್ಟುತ್ತಿರಲಿಲ್ಲ. ‘ದೊಡ್ಡದು ಉಷ್ಣ’ ಎನ್ನುತ್ತಿದ್ದರು. ವಯಸ್ಸಾದ ತಾಟೆಯಲ್ಲಿ ಮರಿಗಿಂತ ಎಷ್ಟೋ ಹೆಚ್ಚು ಪಾದರಸವಿರುತ್ತದೆ ಎಂದು ನಾನು ಕಲಿತದ್ದು ಎಂ.ಎಸ್ಸಿ. ಮುಗಿದ ಮೇಲೆ.

ಆದರೆ ಈ ಸಲಹೆಯೂ ಗಿರಾಕಿಯ ಸಲಹೆ. ಕೊಳ್ಳುವವನು ಆರಿಸಬಹುದು, ಹಿಡಿಯುವವನು ಬಲೆಗೆ ಬಿದ್ದದ್ದನ್ನು ತಿನ್ನುತ್ತಾನೆ. ‘ಖಾಡಿಯ ಮೀನಿನಲ್ಲಿ ಪಾದರಸ’ ಎಂದು ನಾಳೆ ಪತ್ರಿಕೆಯಲ್ಲಿ ಬಂದರೆ ಮೊದಲು ಮಗುಚುವುದು ಮಾವಶಿಯ ಬುಟ್ಟಿ. ಕಾರ್ಖಾನೆಯ ಗೇಟು ಎಂದಿನಂತೆ ತೆರೆಯುತ್ತದೆ. ಮೀನುಗಾರ ಸಮುದಾಯಗಳು ತಮ್ಮ ಕಾಯಿಲೆಯ ಬಗ್ಗೆ ಮೌನವಾಗಿರುವುದಕ್ಕೆ ಅಜ್ಞಾನ ಕಾರಣವಲ್ಲ. ಅವರಿಗೆ ಮಾರುಕಟ್ಟೆ ನಮಗಿಂತ ಚೆನ್ನಾಗಿ ಗೊತ್ತು. ಆದ್ದರಿಂದ ಅಳತೆಯನ್ನು ಮೀನಿನಿಂದ ಶುರು ಮಾಡದೆ ಮನುಷ್ಯರಿಂದ ಶುರು ಮಾಡಬೇಕು, ಫಲಿತಾಂಶದ ದಿನವೇ ಮೀನುಗಾರರಿಗೆ ಆದಾಯದ ಭರವಸೆ ಇರಬೇಕು, ಅದರ ಖರ್ಚು ಸುರಿದವರ ಮೇಲೆ ಬೀಳಬೇಕು. ಅಳೆಯುವುದು ಕಷ್ಟವೂ ಅಲ್ಲ. ದೇಹ ಮೀಥೈಲ್ ಪಾದರಸವನ್ನು ಕೂದಲಿಗೆ ತಳ್ಳುತ್ತದೆ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಒಂದು ಎಳೆ ಜಡೆಯಲ್ಲಿ ಎರಡು ವರ್ಷದ ಊಟದ ದಿನಚರಿ ಬರೆದಿರುತ್ತದೆ. ಸೂಜಿ ಬೇಡ, ಆಸ್ಪತ್ರೆ ಬೇಡ, ಕತ್ತರಿ ಮತ್ತು ಕಾಗದದ ಲಕೋಟೆ ಸಾಕು.

ಕಳೆದ ಭಾನುವಾರ ಇದನ್ನೆಲ್ಲ ಮಾವಶಿಗೆ ಹರಕು ಮರಾಠಿಯಲ್ಲಿ ವಿವರಿಸಿದೆ. ಬಂಗುಡೆಯ ಕಿವಿರು ಕೀಳುತ್ತಲೇ ಕೇಳಿಸಿಕೊಂಡರು. ‘ಕೂದಲು ಕೊಡುತ್ತೇನೆ ಅಣ್ಣಾ, ಅದಕ್ಕೇನು. ಆದರೆ ಲಕೋಟೆಯ ಮೇಲೆ ನನ್ನ ಹೆಸರು ಬರೆಯಬೇಡಿ. ಊರಿನ ಹೆಸರನ್ನೂ ಬರೆಯಬೇಡಿ.’ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಸೊಸೆಯದು ತೆಗೆದುಕೊಳ್ಳಿ ಮೊದಲು’ ಎಂದರು. ‘ಅವಳಿಗೆ ಈಗ ಐದು ತಿಂಗಳು.’